ರಾತ್ರಿ 2.10ರ ಒಂದು ಸಾಲು

"ರಾತ್ರಿ 2.10. ನಿದ್ದೆಯಲ್ಲಿ. ಉಸಿರು ನಿಂತದ್ದು 24 ಸೆಕೆಂಡು. ಹೃದಯ ಬಡಿತ 72, ಸ್ಯಾಚುರೇಷನ್ 78. ಬಣ್ಣ ಮಂಕು. ಬೆನ್ನು ಉಜ್ಜಿದ ಮೇಲೆ ಉಸಿರಾಡಿತು."

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ರಾತ್ರಿ ಪಾಳಿಯ ಸಿಸ್ಟರ್ ನನ್ನ ತಂಗಿಯ ಕೂಸಿನ ಹಾಳೆಯಲ್ಲಿ ಬರೆದ ಸಾಲು ಇದು. ಅವರು ಇಂಗ್ಲಿಷಿನಲ್ಲಿ ಬರೆದಿದ್ದರು, ಕನ್ನಡಕ್ಕೆ ತಂದವನು ನಾನು. ಮರುದಿನ ಮನೆಗೆ ಕಳುಹಿಸುವ ಮಾತಾಗಿತ್ತು. ಗದಗದಿಂದ ಬೀಗರು ಬೆಳಿಗ್ಗೆಯೇ ಕಾರು ಮಾಡಿಕೊಂಡು ಬಂದಿದ್ದರು. ಹಿಂದಿನ ಸೀಟಿನಲ್ಲಿ ಹೊಸ ಕುಂಚಿಗೆ, ಮಡಚಿದ ಕೌದಿ, ದಾರಿಗೆಂದು ಬಿಸಿನೀರಿನ ಥರ್ಮಾಸು. ಡಾಕ್ಟರು ಹಾಳೆಯ ಮೇಲೆ ಬೆರಳಿಟ್ಟು ಓದಿದರು, ಕೂಸಿನ ಎದೆಗೆ ಸ್ಟೆತಸ್ಕೋಪ್ ಇಟ್ಟರು, "ಇವತ್ತಿನಿಂದ ಮತ್ತೆ ಐದು ದಿನ" ಎಂದರು. ಅಂದರೆ ಇಂಥ ಘಟನೆಯಿಲ್ಲದೆ ಐದು ದಿನ ಕಳೆದ ಮೇಲೆಯೇ ಮನೆಗೆ.

ಬೀಗರಿಗೆ ಸಿಟ್ಟು ಬಂತು. ಕೂಸು ಹಾಲು ಕುಡಿಯುತ್ತಿದೆ, ತೂಕ 1,800 ಗ್ರಾಂ ಮುಟ್ಟಿದೆ, ಮೈ ಬೆಚ್ಚಗಿದೆ, ಕೈಕಾಲು ಬಡಿಯುತ್ತಿದೆ. ಇನ್ನೇನು ಬೇಕು? ಬಿಲ್ಲು ಏರಿಸುವ ಹಂಚಿಕೆಯೇ ಇರಬೇಕು ಎಂದು ಅವರು ಹೊರಗಿನ ಬೆಂಚಿನ ಮೇಲೆ ಕುಳಿತು ಗೊಣಗಿದರು. ನನಗೂ ಒಳಗೊಳಗೆ ಹಾಗೆಯೇ ಅನ್ನಿಸಿತ್ತು. ಆ ಐದು ದಿನ ಮಾಡಲು ಬೇರೆ ಕೆಲಸವಿರಲಿಲ್ಲ. ಹಾಗಾಗಿ ಆ ಒಂದು ಸಾಲನ್ನು ಬಿಡಿಸಿಕೊಳ್ಳುತ್ತ ಕುಳಿತೆ. ಒಂದೊಂದು ಅಂಕಿಯೂ ಅಲ್ಲಿ ಏಕೆ ಕುಳಿತಿದೆ ಎಂದು ತಿಳಿಯಲು ನನಗೆ ಐದು ದಿನವೂ ಬೇಕಾದವು.

ಮೊದಲು ಕೂಸಿನ ವಿಷಯ. ಅದು ಹುಟ್ಟಿದ್ದು 29 ವಾರಕ್ಕೆ, 1,180 ಗ್ರಾಂ ತೂಕದಲ್ಲಿ. ಬಸಿರಿನ ಪೂರ್ಣ ಅವಧಿ 40 ವಾರ. 37 ವಾರ ತುಂಬುವ ಮೊದಲು ಹುಟ್ಟಿದವರೆಲ್ಲ ಅವಧಿಪೂರ್ವ ಶಿಶುಗಳು. 28 ವಾರಕ್ಕೂ ಮುನ್ನ ಹುಟ್ಟಿದವು ತೀರಾ ಎಳೆಯವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 37 ವಾರ ತುಂಬದೆ ಹುಟ್ಟಿದ ಮಕ್ಕಳು ಸುಮಾರು 1.34 ಕೋಟಿ. ಅವರಲ್ಲಿ 30 ಲಕ್ಷಕ್ಕೂ ಹೆಚ್ಚು ಮಕ್ಕಳು ಭಾರತದವರು, ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮ ಕಡೆ ಈಗಲೂ ಇದೆ. ಆ ಬೆಂಚಿನ ಮೇಲೆಯೇ ಎರಡು ಸಲ ಕೇಳಿದೆ. ಅದು ಶುದ್ಧ ಸುಳ್ಳು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ, ಮತ್ತು ಆ ಲಾಭ ಎಲ್ಲಕ್ಕಿಂತ ಢಾಳಾಗಿ ಕಾಣುವುದು ಉಸಿರಿನಲ್ಲಿ.

ಉಸಿರಾಡುವುದನ್ನು ನಾವು ಯಾರೂ ಕಲಿತದ್ದಲ್ಲ, ಅದು ತಾನಾಗಿ ನಡೆಯುವ ಕೆಲಸ. ಹಾಗೆ ತಾನಾಗಿ ನಡೆಸುವವನು ಮಿದುಳಿನ ಬುಡದಲ್ಲಿದ್ದಾನೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರಿದರೆ ಸಾಕು, ಮಿದುಳುಕಾಂಡದ ಕೋಶಗಳು ಎದೆಗೂ, ಅದರ ಕೆಳಗಿನ ಪರದೆಯಂಥ ಸ್ನಾಯುವಾದ ವಪೆಗೂ "ಎಳೆ" ಎಂದು ಆಜ್ಞೆ ಕಳಿಸುತ್ತವೆ. 29 ವಾರದ ಮಿದುಳಿನಲ್ಲಿ ಈ ಕೋಶಗಳ ನಡುವಿನ ಜೋಡಣೆ ಇನ್ನೂ ಮುಗಿದಿರುವುದಿಲ್ಲ. ಡೈಆಕ್ಸೈಡ್ ಏರಿದರೂ ಅವು ಸಾವಕಾಶವಾಗಿ, ಅರೆಮನಸ್ಸಿನಿಂದ ಏಳುತ್ತವೆ. ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಆಮ್ಲಜನಕ ಕಡಿಮೆಯಾದರೆ ನಾವು ಜೋರಾಗಿ ಉಸಿರೆಳೆಯುತ್ತೇವೆ. ಗರ್ಭದಲ್ಲಿರುವ ಭ್ರೂಣದ ಕಥೆ ಇದಕ್ಕೆ ಉಲ್ಟಾ. ಅದಕ್ಕೆ ಆಮ್ಲಜನಕ ಬರುವುದು ಹೊಕ್ಕುಳಬಳ್ಳಿಯಿಂದ. ಎದೆಯನ್ನು ಆಗಾಗ ಅಲುಗಿಸಿ ಅಭ್ಯಾಸ ಮಾಡುತ್ತದೆಯೇ ಹೊರತು ಗಾಳಿಗಾಗಿ ಅಲ್ಲ. ಆಮ್ಲಜನಕ ಇಳಿದರೆ ಆ ಅಭ್ಯಾಸವನ್ನು ನಿಲ್ಲಿಸಿ ಶಕ್ತಿ ಉಳಿಸಿಕೊಳ್ಳುತ್ತದೆ. ಅಲ್ಲಿಗೆ ಅದು ಜಾಣತನ. ದಿನ ತುಂಬುವ ಮೊದಲೇ ಹೊರಗೆ ಬಂದ ಕೂಸು ಈ ಹಳೆಯ ರೂಢಿಯನ್ನು ಜೊತೆಗೇ ತಂದಿರುತ್ತದೆ. ಆಮ್ಲಜನಕ ಇಳಿದಾಗ ಒಂದೆರಡು ನಿಮಿಷ ಉಸಿರು ಬಿರುಸಾಗಿ, ಆಮೇಲೆ ಇನ್ನಷ್ಟು ಬಿರುಸಾಗುವ ಬದಲು ಮಂದವಾಗುತ್ತದೆ, ಕೆಲವೊಮ್ಮೆ ನಿಂತೇಬಿಡುತ್ತದೆ. ಹೊರಗಿನ ಲೋಕದಲ್ಲಿ ಹೊಕ್ಕುಳಬಳ್ಳಿ ಇಲ್ಲ ಎಂಬುದು ಅದರ ಮಿದುಳಿಗೆ ಇನ್ನೂ ಪೂರ್ತಿ ಮನವರಿಕೆಯಾಗಿಲ್ಲ.

ಇದಕ್ಕೆ ವೈದ್ಯರು ಇಟ್ಟ ಹೆಸರು ಅವಧಿಪೂರ್ವ ಶಿಶುವಿನ ಅಪ್ನಿಯಾ, ಅಂದರೆ ಉಸಿರು ತಡೆ. 28 ವಾರಕ್ಕಿಂತ ಮೊದಲು ಹುಟ್ಟಿದ ಹೆಚ್ಚುಕಡಿಮೆ ಎಲ್ಲ ಮಕ್ಕಳಲ್ಲೂ ಇದು ಇರುತ್ತದೆ. 30, 31 ವಾರದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಲ್ಲಿ, 34, 35 ವಾರದವರಲ್ಲಿ ನೂರಕ್ಕೆ ಏಳರಲ್ಲಿ. ಇದು ಬೇನೆಯಲ್ಲ, ಎಳೆತನ. ಬೀಗರಿಗೆ ಈ ಮಾತು ಹೇಳಿದಾಗ ಅವರು ಸ್ವಲ್ಪ ತಣ್ಣಗಾದರು.

ಇನ್ನು ಸಾಲಿಗೆ ಬರೋಣ. "24 ಸೆಕೆಂಡು."

ಎಳೆಯ ಕೂಸಿನ ಉಸಿರು ಗಡಿಯಾರದಂತೆ ನಡೆಯುವುದಿಲ್ಲ. ನಾಲ್ಕಾರು ಸಲ ಸರಸರನೆ ಎಳೆದು ಐದು ಸೆಕೆಂಡು ಸುಮ್ಮನಿರುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ಎಂಟು ಹತ್ತು ಸೆಕೆಂಡು ಮೌನ. ಮೊದಲ ಸಲ ನೋಡುವವರ ಎದೆ ಧಸಕ್ಕೆನ್ನುತ್ತದೆ. ಆದರೆ ಬಣ್ಣ ಬದಲಾಗದೆ, ಹೃದಯ ಬಡಿತ ಇಳಿಯದೆ ಹೀಗಾದರೆ ಅದನ್ನು ಬಿಟ್ಟು ಬಿಟ್ಟು ಬರುವ ಉಸಿರು ಎನ್ನುತ್ತಾರೆ, ದಿನ ತುಂಬಿದ ಕೂಸುಗಳಲ್ಲೂ ಇದು ಉಂಟು. ಗಡಿ ಇರುವುದು 20 ಸೆಕೆಂಡಿಗೆ. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅಪ್ನಿಯಾ. ಅದಕ್ಕಿಂತ ಕಡಿಮೆ ಹೊತ್ತು ನಿಂತರೂ ಹೃದಯ ಬಡಿತ ಇಳಿದರೆ, ಆಮ್ಲಜನಕ ಕುಸಿದರೆ, ತುಟಿ ನೀಲಿಯಾದರೆ ಆಗಲೂ ಅಪ್ನಿಯಾವೇ. 20 ಎಂಬುದು ಆಕಾಶದಿಂದ ಇಳಿದ ಅಂಕಿಯಲ್ಲ, ಎಲ್ಲರೂ ಒಂದೇ ಅಳತೆಗೋಲು ಹಿಡಿಯಲೆಂದು ಒಪ್ಪಿಕೊಂಡದ್ದು. 19 ಸೆಕೆಂಡು ಸುರಕ್ಷಿತ, 21 ಅಪಾಯ ಎಂದು ಯಾರೂ ಭಾವಿಸುವುದಿಲ್ಲ.

"72" ಹೃದಯ ಬಡಿತ. ಇಷ್ಟು ಸಣ್ಣ ಕೂಸಿನ ಎದೆ ನಿಮಿಷಕ್ಕೆ 120ರಿಂದ 160 ಸಲ ಬಡಿಯುತ್ತದೆ. ನನಗೆ 72 ಆರೋಗ್ಯದ ಗುರುತು, ಅದಕ್ಕೆ ಕುಸಿತ. ಕೆಲವು ಘಟಕಗಳು 100ಕ್ಕಿಂತ ಇಳಿದರೆ ಬರೆದುಕೊಳ್ಳುತ್ತವೆ, ಕೆಲವು 80ಕ್ಕಿಂತ ಇಳಿದರೆ. ಉಸಿರಿಗೂ ಹೃದಯಕ್ಕೂ ಇಲ್ಲಿ ನಂಟಿದೆ. ಕತ್ತಿನ ರಕ್ತನಾಳದ ಪಕ್ಕದಲ್ಲಿ ಆಮ್ಲಜನಕವನ್ನು ಅಳೆಯುವ ಕಾಳಿನಷ್ಟು ಸಣ್ಣ ಅಂಗವಿದೆ. ಉಸಿರು ನಿಂತು ಆಮ್ಲಜನಕ ಇಳಿದಾಗ ಅದು ಹೃದಯಕ್ಕೆ ನಿಧಾನ ಮಾಡು ಎನ್ನುತ್ತದೆ. ನೀರಿನಲ್ಲಿ ಮುಳುಗು ಹಾಕಿದವರ ನಾಡಿ ಇಳಿಯುವುದೂ ಇಂಥದೇ ಕಾರಣದಿಂದ. ಹಾಗಾಗಿ ಹೆಚ್ಚಿನ ಸಲ ಕೂಸಿನ ಹೃದಯದಲ್ಲಿ ದೋಷವೇನೂ ಇರುವುದಿಲ್ಲ. ಉಸಿರು ಮೊದಲು ಎಡವುತ್ತದೆ, ಹೃದಯ ಅದರ ಹಿಂದೆ ಎಡವುತ್ತದೆ.

"78" ಎಂದರೆ ರಕ್ತದ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬ ಲೆಕ್ಕ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಬೆರಳಿಗೆ ಸಿಕ್ಕಿಸಿಕೊಂಡು ನೋಡಿದ ಅಂಕಿ ಇದೇ. ಕೂಸಿನ ಬೆರಳು ಕಡ್ಡಿಯಷ್ಟು ಸಣ್ಣದಾದ್ದರಿಂದ ಪಟ್ಟಿಯಂಥ ಪ್ರೋಬನ್ನು ಪಾದಕ್ಕೆ ಸುತ್ತುತ್ತಾರೆ. ದೀಪ ಆರಿಸಿದಾಗ ಪಾದದ ಆಚೆಯಿಂದ ಕೆಂಪು ಬೆಳಕು ಕಾಣುತ್ತದೆ, ಅಂಗೈಯಲ್ಲಿ ಟಾರ್ಚ್ ಹಿಡಿದ ಹಾಗೆ. ಕೆಂಪು ಬೆಳಕು ಒಂದು, ಕಣ್ಣಿಗೆ ಕಾಣದ ಅವಕೆಂಪು ಇನ್ನೊಂದು. ಆಮ್ಲಜನಕ ಹೊತ್ತ ರಕ್ತ ಒಂದನ್ನು ಹೆಚ್ಚು ಹೀರುತ್ತದೆ, ಹೊರದ ರಕ್ತ ಇನ್ನೊಂದನ್ನು. ನಾಡಿ ಬಡಿದಾಗ ಈ ಎರಡರ ಪ್ರಮಾಣ ಹೇಗೆ ಏರಿಳಿಯುತ್ತದೆ ಎಂದು ನೋಡಿ ಯಂತ್ರ ಲೆಕ್ಕ ಹಾಕುತ್ತದೆ. ಜಪಾನಿನ ಎಂಜಿನಿಯರ್ ತಕುವೊ ಅಯೋಯಾಗಿ 1970ರ ದಶಕದ ಆರಂಭದಲ್ಲಿ ಈ ಉಪಾಯವನ್ನು ಕಂಡುಕೊಂಡರು. ಅದಕ್ಕೂ ಮೊದಲು ಕೂಸಿನ ತುಟಿಯ ಬಣ್ಣ ನೋಡಿ ಊಹಿಸಬೇಕಿತ್ತು, ಇಲ್ಲವೇ ಸೂಜಿ ಚುಚ್ಚಿ ರಕ್ತ ತೆಗೆಯಬೇಕಿತ್ತು.

ಉಸಿರನ್ನು ಎಣಿಸುವ ಬಗೆ ಇನ್ನೂ ಸೋಜಿಗ. ಎದೆಗೆ ಅಂಟಿಸಿದ ಮೂರು ಎಲೆಕ್ಟ್ರೋಡ್‌ಗಳು ಹೃದಯದ ಬಡಿತವನ್ನು ಹಿಡಿಯುತ್ತವೆ ಎಂದಷ್ಟೇ ನಾನು ತಿಳಿದಿದ್ದೆ. ಅವುಗಳ ನಡುವೆ ಕೂಸಿಗೆ ತಿಳಿಯದಷ್ಟು ಸಣ್ಣ ವಿದ್ಯುತ್ತೂ ಹರಿಯುತ್ತಿರುತ್ತದೆ. ಎದೆ ಗಾಳಿಯಿಂದ ಉಬ್ಬಿದಾಗ ಆ ವಿದ್ಯುತ್ತಿಗೆ ತಡೆ ಹೆಚ್ಚು, ಇಳಿದಾಗ ಕಡಿಮೆ. ಆ ಏರಿಳಿತವೇ ಪರದೆಯ ಮೇಲೆ ಅಲೆ. ಇದರರ್ಥ, ಯಂತ್ರ ನೋಡುತ್ತಿರುವುದು ಎದೆಯ ಅಲುಗಾಟವನ್ನೇ ಹೊರತು ಮೂಗಿನಿಂದ ಒಳಗೆ ಹೋಗುವ ಗಾಳಿಯನ್ನಲ್ಲ. ಕೂಸಿನ ಕತ್ತು ಮುಂದಕ್ಕೆ ಮಡಚಿ ಗಂಟಲು ಮುಚ್ಚಿಕೊಂಡಿದೆ ಎನ್ನಿ. ಎದೆ ಏದುಸಿರು ಬಿಡುತ್ತಲೇ ಇರುತ್ತದೆ, ಅಲೆ ಚೆಂದವಾಗಿ ಏಳುತ್ತಲೇ ಇರುತ್ತದೆ, ಒಳಗೆ ಮಾತ್ರ ಗಾಳಿ ಹೋಗುತ್ತಿಲ್ಲ. ಉಸಿರಿನ ಅಲಾರಂ ಕೂಗುವುದಿಲ್ಲ. ಆಗ ಸುಳಿವು ಕೊಡುವವು ಪಾದದ ಪ್ರೋಬ್ ಮತ್ತು ಹೃದಯದ ಅಂಕಿ. ಇನ್ನೊಂದು ಮೋಸವೂ ಇದೆ. ಉಸಿರು ನಿಂತಾಗ ಹೃದಯದ ಬಡಿತಕ್ಕೆ ಎದೆ ಸ್ವಲ್ಪ ಅಲುಗುತ್ತದಲ್ಲ, ಅದನ್ನೇ ಯಂತ್ರ ಉಸಿರೆಂದು ಎಣಿಸಿಬಿಡಬಹುದು. ಮಿದುಳು ಆಜ್ಞೆ ಕಳಿಸದೆ ನಿಂತ ಉಸಿರು ಒಂದು ಬಗೆ, ಗಂಟಲು ಮುಚ್ಚಿ ನಿಂತದ್ದು ಇನ್ನೊಂದು. ಹೆಚ್ಚಾಗಿ ಕಾಣುವುದು ಎರಡೂ ಬೆರೆತದ್ದು. ಅದಕ್ಕಾಗಿಯೇ ಮೂರು ಅಂಕಿಗಳನ್ನು ಒಟ್ಟಿಗೆ ನೋಡುವುದು. ಒಂದನ್ನೇ ನಂಬಿದವರು ಕೆಟ್ಟರು.

ಎರಡನೆಯ ರಾತ್ರಿ ನಾನು ಇದನ್ನು ಕಣ್ಣಾರೆ ಕಂಡೆ. ತಂಗಿ ಹಾಲು ಹಿಂಡಲು ಹೋಗಿದ್ದಳು, ನಾನು ಗಾಜಿನ ಆಚೆ ನಿಂತಿದ್ದೆ. ಮಾನಿಟರ್ ಟಣಟಣ ಎಂದಿತು. ನೀಲಿ ಅಂಕಿ 94ರಿಂದ 81ಕ್ಕೆ ಬಿತ್ತು, ಕೆಂಪು ದೀಪ ಮಿನುಗಿತು. ನನ್ನ ಕಣ್ಣು ಪರದೆಯ ಮೇಲೆ. ಸಿಸ್ಟರ್ ಪರದೆಯ ಕಡೆ ತಿರುಗಲೂ ಇಲ್ಲ. ಕೂಸಿನ ಮುಖ ನೋಡಿದರು, ತುಟಿ ನೋಡಿದರು, ಎದೆಯ ಮೇಲೆ ಎರಡು ಬೆರಳು ಇಟ್ಟರು. ಆಮೇಲೆ ಪಾದದ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿದರು. ಅಂಕಿ 95ಕ್ಕೆ ಏರಿತು. ಕೂಸು ಕಾಲು ಒದ್ದಿತ್ತು, ಅಷ್ಟೇ. ಆಮೇಲೆ ಅವರು ಒಂದು ಗುಟ್ಟು ಹೇಳಿಕೊಟ್ಟರು. ಪಾದದ ಪ್ರೋಬೂ ನಾಡಿಯನ್ನು ಎಣಿಸುತ್ತದೆ, ಎದೆಯ ಎಲೆಕ್ಟ್ರೋಡೂ ಎಣಿಸುತ್ತದೆ. ಎರಡೂ ಒಂದೇ ಅಂಕಿ ತೋರಿಸುತ್ತಿದ್ದರೆ ಸ್ಯಾಚುರೇಷನ್ ನಂಬಬಹುದು. ಎದೆ 150 ಎಂದು, ಪಾದ 90 ಎಂದು ಹೇಳುತ್ತಿದ್ದರೆ ಮೊದಲು ಪಟ್ಟಿಯನ್ನು ಅನುಮಾನಿಸಬೇಕು. ಆ ರಾತ್ರಿಯ ಘಟನೆ ಹಾಳೆಯಲ್ಲಿ ಬರಲಿಲ್ಲ, ದಿನದ ಲೆಕ್ಕವೂ ಮುರಿಯಲಿಲ್ಲ. ಯಂತ್ರ ಕೂಗಿದ್ದನ್ನೆಲ್ಲ ಬರೆದರೆ ಯಾವ ಕೂಸೂ ಮನೆಗೆ ಹೋಗುವುದಿಲ್ಲ.

"ನಿದ್ದೆಯಲ್ಲಿ" ಎಂಬ ಪದಕ್ಕೂ ತೂಕವಿದೆ. ಈ ಕೂಸುಗಳು ದಿನದ ಬಹುಪಾಲು ನಿದ್ದೆಯಲ್ಲಿರುತ್ತವೆ. ಆ ನಿದ್ದೆಯಲ್ಲೂ ಹೆಚ್ಚಿನದು ಕಣ್ಣುಗುಡ್ಡೆ ಅಲುಗುವ, ಮುಖ ಕಿವುಚುವ ಚಂಚಲ ನಿದ್ದೆ. ಆಗ ಪಕ್ಕೆಲುಬಿನ ನಡುವಿನ ಸ್ನಾಯುಗಳು ಸಡಿಲಗೊಳ್ಳುತ್ತವೆ, ಉಸಿರಿನ ತಾಳ ತಪ್ಪುತ್ತದೆ. ಹಾಲು ಕುಡಿಯುವಾಗ ಆಗುವ ಕುಸಿತದ ಬಗೆ ಬೇರೆ. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಸರದಿಯಲ್ಲಿ ಮಾಡುವ ಹದ ಬರುವುದು 34 ವಾರದ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಕೂಸು ನುಂಗುವ ಭರದಲ್ಲಿ ಉಸಿರನ್ನೇ ಮರೆಯುತ್ತದೆ. ಒಳಲೆಯನ್ನು ತುಸು ಹಿಂದಕ್ಕೆ ಎಳೆದು ಒಂದು ಕ್ಷಣ ಬಿಟ್ಟರೆ ತಾನೇ ಸುಧಾರಿಸಿಕೊಳ್ಳುತ್ತದೆ. ಅಂಥ ಸಣ್ಣ ಕುಸಿತಕ್ಕೆ ಅನೇಕ ವೈದ್ಯರು ದಿನದ ಲೆಕ್ಕವನ್ನು ಮೊದಲಿನಿಂದ ಶುರು ಮಾಡುವುದಿಲ್ಲ, ಹಾಲುಣಿಸುವ ರೀತಿಯನ್ನು ತಿದ್ದುತ್ತಾರೆ. ನಿದ್ದೆಯಲ್ಲಿ ಆದದ್ದಕ್ಕೆ, ಅದರಲ್ಲೂ ಮುಟ್ಟಿ ಎಬ್ಬಿಸಬೇಕಾಗಿ ಬಂದದ್ದಕ್ಕೆ ಮಾತ್ರ ವಿನಾಯಿತಿ ಇಲ್ಲ.

ಆ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಪದ ಕೊನೆಯದೇ: "ಬೆನ್ನು ಉಜ್ಜಿದ ಮೇಲೆ." ಕೂಸು ತಾನಾಗಿ ಉಸಿರಾಟಕ್ಕೆ ಮರಳಿದ್ದರೆ ಕಥೆ ಬೇರೆಯಾಗುತ್ತಿತ್ತು. ಬೆನ್ನು ಉಜ್ಜುವುದು, ಅಂಗಾಲು ಚಿವುಟಿದಂತೆ ತಟ್ಟುವುದು, ಕತ್ತನ್ನು ನೆಟ್ಟಗೆ ಮಾಡುವುದು, ಇಷ್ಟಕ್ಕೇ ಬಹಳಷ್ಟು ಕೂಸುಗಳು ಉಸಿರಾಡುತ್ತವೆ. ಅದಕ್ಕೂ ಬಗ್ಗದಿದ್ದರೆ ಮುಖಕ್ಕೆ ಮಾಸ್ಕ್ ಇಟ್ಟು ಚೀಲ ಒತ್ತಿ ಗಾಳಿ ಕೊಡಬೇಕು. ಆದರೆ ಮನೆಯಲ್ಲಿ ರಾತ್ರಿ 2.10ಕ್ಕೆ ಬೆನ್ನು ಉಜ್ಜುವವರು ಯಾರು? ಡಿಸ್ಚಾರ್ಜಿನ ಪ್ರಶ್ನೆಯೆಲ್ಲ ಇಷ್ಟೇ. ಕೂಸು ಯಾರ ಕೈ ತಾಗದೆಯೂ ಮರಳಿ ಉಸಿರಾಡುತ್ತದೆಯೇ? ತೂಕ, ಹಾಲು, ಮೈಬಿಸಿ ಇವೆಲ್ಲ ಇದರ ಹಿಂದೆ ನಿಲ್ಲುವವು.

ಚೆನ್ನಾಗಿದ್ದ ಕೂಸಿಗೆ ಏಕಾಏಕಿ ಇಂಥದ್ದು ಶುರುವಾದರೆ ವೈದ್ಯರು ಮೊದಲು ಎಳೆತನವೆಂದು ಕೈಬಿಡುವುದಿಲ್ಲ. ಸೋಂಕು, ರಕ್ತಹೀನತೆ, ಸಕ್ಕರೆ ಇಳಿತ, ಮೈ ತಣ್ಣಗಾಗುವುದು, ಫಿಟ್ಸ್, ಇವುಗಳನ್ನು ಹುಡುಕುತ್ತಾರೆ. ನಮ್ಮ ಕೂಸಿನ ರಕ್ತವನ್ನೂ ಅಂದೇ ಬೆಳಿಗ್ಗೆ ತೆಗೆದರು, ಎಲ್ಲ ಸರಿಯಿತ್ತು. ಕಣ್ಣಿನ ರೆಟಿನಾ ಪರೀಕ್ಷೆಯಾದ ಮರುದಿನ, ಆರು ವಾರದ ಲಸಿಕೆಯಾದ ಮರುದಿನ ಕೂಡ ಕೆಲವು ಎಳೆಯ ಕೂಸುಗಳ ಉಸಿರು ಎಡವುತ್ತದೆ. ಅದಕ್ಕೆ ಹೆದರಿ ಇವೆರಡನ್ನೂ ತಪ್ಪಿಸಬಾರದು. ಕಣ್ಣಿನ ಪರೀಕ್ಷೆ ತಪ್ಪಿದರೆ ಕೂಸು ಕುರುಡಾಗಬಹುದು, ಲಸಿಕೆ ತಪ್ಪಿದರೆ ನಾಯಿಕೆಮ್ಮಿನಂಥದ್ದು ಈ ಕೂಸುಗಳನ್ನೇ ಮೊದಲು ಹಿಡಿಯುತ್ತದೆ.

ಈಗ ಐದು ದಿನದ ಮಾತು. ಅದಕ್ಕೆ ಮೊದಲು ಕಾಫಿಯ ಕಥೆ ಹೇಳಬೇಕು. ಕೂಸಿಗೆ ಕೆಫೀನ್ ಕೊಡುತ್ತಿದ್ದಾರೆ ಎಂದು ಕೇಳಿದಾಗ ತಂಗಿಯ ಅತ್ತೆ ನಂಬಲಿಲ್ಲ. ಗದಗ, ಧಾರವಾಡ ಚಹಾದ ಸೀಮೆ, ನಮ್ಮಲ್ಲಿ ದೊಡ್ಡವರೇ ಕಾಫಿ ಕುಡಿಯುವುದು ಅಪರೂಪ. ಎದೆಹಾಲೂ ನೆಟ್ಟಗೆ ಹಿಡಿಸದ ಕೂಸಿಗೆ ಅದೇಕೆ ಎಂದರು. ಕೆಫೀನ್ ಮಿದುಳುಕಾಂಡದ ತೂಕಡಿಕೆಯನ್ನು ಹರಿಸುತ್ತದೆ, ಡೈಆಕ್ಸೈಡಿಗೆ ಬೇಗ ಎಚ್ಚರಗೊಳ್ಳುವಂತೆ ಮಾಡುತ್ತದೆ, ವಪೆಗೆ ಬಲ ಕೊಡುತ್ತದೆ. ಕೆನಡಾದವರ ಮುಂದಾಳತ್ವದಲ್ಲಿ ಹಲವು ದೇಶಗಳ 2,006 ಕೂಸುಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಮೊದಲ ಫಲಿತಾಂಶ ಕಾಕತಾಳೀಯವೆಂಬಂತೆ 2006ರಲ್ಲೇ ಪ್ರಕಟವಾಯಿತು. ಕೆಫೀನ್ ಪಡೆದವರಲ್ಲಿ ದೀರ್ಘಕಾಲದ ಶ್ವಾಸಕೋಶದ ತೊಂದರೆ ಕಡಿಮೆ. ಮರುವರ್ಷದ ವರದಿಯಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ತೊಂದರೆಯೂ ಕಡಿಮೆ ಎಂದು ಕಂಡಿತು. ಇದು ಔಷಧಿ, ತೂಕ ನೋಡಿ ಅಳೆದು ಕೊಡುವುದು. ಮನೆಯ ಕಾಫಿಯ ಡಿಕಾಕ್ಷನ್ ಅಲ್ಲ ಎಂದು ಮಾತ್ರ ಎರಡು ಸಲ ಹೇಳುತ್ತೇನೆ, ಏಕೆಂದರೆ ಹಾಗೆ ತಿಳಿದವರನ್ನೂ ಆ ಬೆಂಚಿನ ಮೇಲೆ ಕಂಡೆ.

ತೊಡಕಿರುವುದು ಅದು ಮೈ ಬಿಟ್ಟುಹೋಗುವ ವೇಗದಲ್ಲಿ. ನಾವು ಬೆಳಿಗ್ಗೆ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧ ಐದಾರು ಗಂಟೆಯಲ್ಲಿ ಕರಗುತ್ತದೆ. ಇಷ್ಟು ಎಳೆಯ ಕೂಸಿನ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸಲು ಇನ್ನೂ ಬರುವುದಿಲ್ಲ, ಅರ್ಧ ಹೋಗಲು ಸುಮಾರು ನೂರು ಗಂಟೆ ಬೇಕು. 34ನೇ ವಾರದಲ್ಲಿ ಔಷಧಿ ನಿಲ್ಲಿಸಿದ ಮೇಲೆ ಮೊದಲ ನಾಲ್ಕೈದು ದಿನ ಕೂಸು ಚೆನ್ನಾಗಿ ಉಸಿರಾಡಿದ್ದರಲ್ಲಿ ಅದರ ಸ್ವಂತ ಸಾಮರ್ಥ್ಯ ಎಷ್ಟು, ರಕ್ತದಲ್ಲಿ ಉಳಿದ ಕೆಫೀನಿನ ಪಾಲು ಎಷ್ಟು ಎಂದು ಹೇಳಲಾಗದು. ನಮ್ಮ 2.10ರ ಘಟನೆ ನಡೆದದ್ದು ಔಷಧಿ ನಿಲ್ಲಿಸಿದ ಆರನೆಯ ರಾತ್ರಿ. ಆ ಹೊತ್ತಿಗೆ ಮೂರರಲ್ಲಿ ಒಂದು ಪಾಲಷ್ಟೇ ಉಳಿದಿದ್ದಿರಬೇಕು. ಊರುಗೋಲು ಜಾರಿತ್ತು, ಕಾಲು ಇನ್ನೂ ಗಟ್ಟಿಯಾಗಿರಲಿಲ್ಲ.

ಹಾಗಾದರೆ ಐದೇ ದಿನ ಏಕೆ, ಮೂರು ಏಕಲ್ಲ? ನಾನು ಡಾಕ್ಟರನ್ನು ಕೇಳಿಯೇಬಿಟ್ಟೆ. ಅವರು ನಕ್ಕು, ಪಕ್ಕದ ಆಸ್ಪತ್ರೆಯಲ್ಲಿ ಏಳು ದಿನ ಕಾಯುತ್ತಾರೆ ಎಂದರು. ಹೆಚ್ಚಿನ ಕಡೆ ಈ ಕಾಯುವಿಕೆ ಐದರಿಂದ ಏಳು ದಿನ. ಹಳೆಯ ದಾಖಲೆಗಳನ್ನು ತೆಗೆದು, ಕೊನೆಯ ಘಟನೆಯಾದ ಎಷ್ಟು ದಿನಗಳ ಮೇಲೆ ಮತ್ತೆ ಘಟನೆ ಬಂತು ಎಂದು ಲೆಕ್ಕ ಹಾಕಿದವರಿದ್ದಾರೆ. ಏಳು ದಿನ ಶಾಂತವಾಗಿ ಕಳೆದ ಕೂಸುಗಳಲ್ಲಿ ನೂರಕ್ಕೆ 94ರಿಂದ 96ರಷ್ಟಕ್ಕೆ ಮತ್ತೆ ಬರಲಿಲ್ಲ ಎಂದು 2011ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಹೇಳುತ್ತದೆ. 30 ವಾರ ದಾಟಿ ಹುಟ್ಟಿದವರಿಗೆ ಇನ್ನೂ ಕಡಿಮೆ ದಿನ ಸಾಕು, 26 ವಾರಕ್ಕಿಂತ ಮೊದಲಿನವರಿಗೆ ಎರಡು ವಾರದ ಹತ್ತಿರ ಬೇಕು. ಅಂದರೆ ಐದು ಎಂಬುದು ಪ್ರಕೃತಿಯ ನಿಯಮವೇನೂ ಅಲ್ಲ, ತಿಳಿದವರು ಲೆಕ್ಕ ಹಾಕಿ ಕಟ್ಟಿದ ಪಣ. ಪಣ ಎಂದ ಕೂಡಲೇ ಬೀಗರ ಮುಖ ಮತ್ತೆ ಕೆಂಪಾಯಿತು. ಆದರೆ ನನಗೆ ಅಲ್ಲಿಂದಲೇ ಡಾಕ್ಟರ ಮೇಲೆ ನಂಬಿಕೆ ಹೆಚ್ಚಿತು. ಹಠಕ್ಕೆ ಬಿದ್ದು ಹೇಳಿದ ಅಂಕಿಗಿಂತ ಇಷ್ಟಿಷ್ಟು ಖಚಿತ ಎಂದು ಒಪ್ಪಿಕೊಂಡು ಹೇಳಿದ ಅಂಕಿ ಮೇಲು.

ಮೂರನೆಯ ದಿನ ಬೆಂಗಳೂರಿನ ಬಂಧುವೊಬ್ಬರು ಮೊಬೈಲಿಗೆ ಒಂದು ಜಾಹೀರಾತು ಕಳಿಸಿದರು. ಕೂಸಿನ ಕಾಲಿಗೆ ಚೀಲದಂತೆ ತೊಡಿಸುವ ಸಾಧನ. ಆಮ್ಲಜನಕ, ಹೃದಯ ಬಡಿತ ಎಲ್ಲ ಫೋನಿನಲ್ಲೇ ಬರುತ್ತದೆಯಂತೆ. ಇದನ್ನು ಕೊಂಡು ಇವತ್ತೇ ಕರೆದುಕೊಂಡು ಹೋಗಬಾರದೇಕೆ? ಈ ಆಸೆ ಹೊಸದಲ್ಲ, ಅದರ ಹಿಂದೆ ಒಂದು ಕಹಿ ಇತಿಹಾಸವಿದೆ. 1972ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೈದ್ಯರೊಬ್ಬರು ಒಂದು ಲೇಖನ ಬರೆದರು. ನಿದ್ದೆಯಲ್ಲಿ ಕಾರಣವಿಲ್ಲದೆ ಸಾಯುವ ಹಸುಳೆಗಳ ಸಾವಿಗೂ ಉಸಿರು ತಡೆಗೂ ಸಂಬಂಧವಿದೆ ಎಂಬುದು ಅದರ ವಾದ. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ತೀರಿಕೊಂಡ ಐದು ಮಕ್ಕಳಲ್ಲಿ ಕೊನೆಯ ಇಬ್ಬರನ್ನು ಅವರು ಆಸ್ಪತ್ರೆಯಲ್ಲಿ ಪರೀಕ್ಷಿಸಿದ್ದರು. ಆ ವಾದದ ಬೆನ್ನೇರಿ ಮನೆ ಮಾನಿಟರ್‌ಗಳ ದೊಡ್ಡ ವ್ಯಾಪಾರವೇ ಹುಟ್ಟಿತು. ಸಾವಿರಾರು ಮನೆಗಳಲ್ಲಿ ತಂದೆತಾಯಿ ರಾತ್ರಿಯಿಡೀ ಅಲಾರಂಗೆ ಕಿವಿಯೊಡ್ಡಿ ಮಲಗಿದರು. 1995ರಲ್ಲಿ ನ್ಯಾಯಾಲಯ ಆ ಐದೂ ಮಕ್ಕಳನ್ನು ಕೊಂದವಳು ಅವರ ತಾಯಿಯೇ ಎಂದು ತೀರ್ಪು ಕೊಟ್ಟಿತು. ವಾದದ ಬುಡವೇ ಕುಸಿಯಿತು.

ಅಷ್ಟರಲ್ಲಿ ಬೇರೆ ಪುರಾವೆಗಳೂ ಬಂದಿದ್ದವು. ಡಿಸ್ಚಾರ್ಜಿಗೆ ಮುನ್ನ ಒಂದು ರಾತ್ರಿಯ ಉಸಿರು, ಹೃದಯದ ಗೆರೆಗಳನ್ನು ಮುದ್ರಿಸಿ ನೋಡಿದರೆ ಮುಂದೆ ಯಾವ ಕೂಸು ಸಾಯುತ್ತದೆ ಎಂದು ತಿಳಿಯುವುದಿಲ್ಲ ಎಂದು 1986ರಲ್ಲೇ ಅಮೆರಿಕದ ತಜ್ಞರ ಸಮಿತಿ ಹೇಳಿತ್ತು. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1,079 ಕೂಸುಗಳನ್ನು ಮನೆಯಲ್ಲೇ ಮಾನಿಟರ್ ಹಾಕಿ ನೋಡಿದರು. ನೂರಕ್ಕೆ 41 ಕೂಸುಗಳಲ್ಲಿ ಅಲಾರಂ ಗಡಿ ದಾಟಿದ ಘಟನೆಗಳು ಸಿಕ್ಕವು, ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳಲ್ಲೂ ಸಿಕ್ಕವು. ಅವಧಿಪೂರ್ವ ಕೂಸುಗಳಲ್ಲಿ ಹೆಚ್ಚಿದ್ದ ತೀವ್ರ ಘಟನೆಗಳು, ಬಸಿರಿನ ಲೆಕ್ಕದಲ್ಲಿ 43 ವಾರ ತುಂಬುವ ಹೊತ್ತಿಗೆ ಉಳಿದವರ ಮಟ್ಟಕ್ಕೆ ಇಳಿದವು. ನಿದ್ದೆಯ ಸಾವನ್ನು ನಿಜಕ್ಕೂ ಅರ್ಧಕ್ಕಿಂತ ಕೆಳಗೆ ಇಳಿಸಿದ್ದು ಯಾವ ಯಂತ್ರವೂ ಅಲ್ಲ. 1990ರ ದಶಕದಲ್ಲಿ ಹಲವು ದೇಶಗಳಲ್ಲಿ ಕೂಸನ್ನು ಅಂಗಾತ ಮಲಗಿಸಿ ಎಂದು ನಡೆದ ಪ್ರಚಾರ. ಕಾಲುಚೀಲದ ಜಾಹೀರಾತನ್ನು ನಾನು ಅಳಿಸಿಹಾಕಿದೆ.

ಇಲ್ಲಿ ತಾಯಂದಿರಿಗೆ ಸಹಜವಾಗಿ ಒಂದು ಗೊಂದಲ ಬರುತ್ತದೆ, ತಂಗಿಗೂ ಬಂತು. "ಅಣ್ಣಾ, ಇಲ್ಲಿ ಮೊದಮೊದಲು ಇವಳನ್ನು ಬೋರಲು ಮಲಗಿಸಿದ್ದರಲ್ಲ?" ಹೌದು. ತೀರಾ ಎಳೆಯ ಕೂಸಿಗೆ ಬೋರಲು ಮಲಗಿದಾಗ ಎದೆಗೆ ಆಸರೆ ಸಿಕ್ಕಿ ಆಮ್ಲಜನಕ ಸುಧಾರಿಸುತ್ತದೆ. ಆದರೆ ಅಲ್ಲಿ ದಿನದ 24 ಗಂಟೆಯೂ ಮೂರು ತಂತಿ, ಒಬ್ಬ ಸಿಸ್ಟರ್ ಕಾವಲಿದ್ದರು. ಮನೆಗೆ ಹೋಗುವ ಕೆಲವು ದಿನ ಮೊದಲೇ ಅಂಗಾತ ಮಲಗಿಸಿ ರೂಢಿ ಮಾಡಿಸುತ್ತಾರೆ, ಮನೆಯಲ್ಲಿ ಅಂಗಾತವೇ. ಬೋರಲು ಸಲ್ಲುವುದು ಒಂದೇ ಕಡೆ: ತಾಯಿಯ ಬರಿ ಎದೆಯ ಮೇಲೆ, ಅವಳು ಎಚ್ಚರವಿರುವಾಗ. ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಯಲ್ಲಿ, ಇನ್‌ಕ್ಯುಬೇಟರ್‌ಗಳು ಸಾಲದೆ ವೈದ್ಯರು ಶುರು ಮಾಡಿದ ಕಾಂಗರೂ ಆರೈಕೆ ಅದು. ಎದೆಗೆ ಎದೆ ತಾಗಿಸಿ, ಕೂಸಿನ ಮುಖವನ್ನು ಒಂದು ಬದಿಗೆ ತಿರುಗಿಸಿ, ಕತ್ತನ್ನು ತುಸು ಮೇಲಕ್ಕೆತ್ತಿ ಕಟ್ಟಿಕೊಂಡರೆ ಮೈಬಿಸಿ ನಿಲ್ಲುತ್ತದೆ, ಹೃದಯ ಬಡಿತ, ಉಸಿರು ಹದಕ್ಕೆ ಬರುತ್ತವೆ. ಆ ಐದು ದಿನವೂ ತಂಗಿ ದಿನಕ್ಕೆ ಏಳೆಂಟು ಗಂಟೆ ಹಾಗೆಯೇ ಕುಳಿತಳು. ನಾಲ್ಕನೆಯ ದಿನ ಬೀಗರ ಮಗನೂ ಅಂಗಿ ಬಿಚ್ಚಿ ಕುಳಿತ, ಅವನ ಮುಖ ನಾಚಿಕೆಯಿಂದ ಕೆಂಪಾಗಿತ್ತು. ಮಾನಿಟರಿನ ಗೆರೆ ಮಾತ್ರ ನೇಗಿಲ ಸಾಲಿನಂತೆ ಸಮನಾಗಿತ್ತು.

ಕೊನೆಯ ದಿನ ಸಿಸ್ಟರ್ ಇಬ್ಬರನ್ನೂ ಕೂರಿಸಿ, ಬೊಂಬೆಯೊಂದನ್ನು ಮುಂದಿಟ್ಟು, ಉಸಿರು ನಿಂತರೆ ಏನು ಮಾಡಬೇಕೆಂದು ಕಲಿಸಿದರು. ಮೊದಲು ಬೆನ್ನು, ಅಂಗಾಲು. ಜಗ್ಗಾಡಬಾರದು, ಕುಲುಕಬಾರದು, ನೀರು ಎರಚಬಾರದು. ಉಸಿರು ಬರದಿದ್ದರೆ ಕತ್ತು ನೆಟ್ಟಗೆ ಮಾಡಿ, ಬಾಯಿ ಮೂಗು ಎರಡನ್ನೂ ಸೇರಿಸಿ ಮುಚ್ಚುವಂತೆ ನಿಮ್ಮ ಬಾಯಿಟ್ಟು ಕೆನ್ನೆಯಲ್ಲಿ ಹಿಡಿದಷ್ಟೇ ಗಾಳಿಯನ್ನು ಮೆಲ್ಲಗೆ ಊದಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಓದಿ ಕಲಿಯುವ ವಿದ್ಯೆಯಲ್ಲ ಇದು, ಬೊಂಬೆಯ ಮೇಲೆ ಕೈಯಾರೆ ಮಾಡಿಯೇ ಹೊರಡಬೇಕು. ತೋರಿಸದಿದ್ದರೆ ಕೇಳಿ ಕಲಿಯಿರಿ.

ದಾರಿಯ ಬಗ್ಗೆಯೂ ಒಂದು ಮಾತು. ಪಶ್ಚಿಮದ ಕೆಲವು ದೇಶಗಳಲ್ಲಿ ಡಿಸ್ಚಾರ್ಜಿಗೆ ಮೊದಲು ಕೂಸನ್ನು ಕಾರಿನ ಸೀಟಿನಲ್ಲಿ ಒಂದೂವರೆ ಎರಡು ಗಂಟೆ ಕೂರಿಸಿ ಮಾನಿಟರ್ ನೋಡುತ್ತಾರೆ, ಅರೆಕುಳಿತ ಭಂಗಿಯಲ್ಲಿ ಕತ್ತು ಬಾಗಿ ಉಸಿರು ಕಟ್ಟುತ್ತದೆಯೇ ಎಂದು. ನಮ್ಮಲ್ಲಿ ಆ ಸೀಟು ಅಪರೂಪ, ಬಾಗುವ ಕತ್ತು ಮಾತ್ರ ಅದೇ. ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾಟಿ ಗದಗ ಸುಮಾರು 60 ಕಿಲೋಮೀಟರ್. ಅಷ್ಟು ದೂರ ಕೂಸನ್ನು ಕುಂಚಿಗೆಯಲ್ಲಿ ಮುಚ್ಚಿ, ಅದರ ಮೇಲೆ ಶಾಲು ಹೊದಿಸಿ, ಮಡಿಲಲ್ಲಿ ಗದ್ದ ಎದೆಗೆ ತಾಗುವಂತೆ ಮುದುಡಿಸಿಕೊಂಡು ಹೋಗುವುದು ನಮ್ಮ ಪ್ರೀತಿಯ ರೀತಿ. ಮುಖ ಕಾಣುವುದಿಲ್ಲ, ಬಣ್ಣ ಕಾಣುವುದಿಲ್ಲ. ತಂಗಿ ಎದೆಗೆ ಕಟ್ಟಿಕೊಂಡಳು, ನಾನು ಪಕ್ಕದಲ್ಲಿ ಕುಳಿತು ಮುಖ ನೋಡುತ್ತ ಹೋದೆ. ಅಣ್ಣಿಗೇರಿಯಲ್ಲಿ ಕಾರು ನಿಲ್ಲಿಸಿ ಹಾಲುಣಿಸಿದೆವು.

ಮನೆಯಲ್ಲಿ ಜಗಳ ನಡೆದದ್ದು ಕೌದಿಯ ಮೇಲೆ. ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ತಂಗಿಯ ಅತ್ತೆ ತಾವೇ ಹೊಲಿದದ್ದು. ಅದು ಹೊದಿಕೆಯಲ್ಲ, ಆಶೀರ್ವಾದ. ಆದರೆ ಮೂಗಿನ ತನಕ ಎಳೆದ ಭಾರದ ಕೌದಿ ಎಳೆಯ ಕೂಸಿಗೆ ಉಸಿರು ಕಟ್ಟಿಸಬಲ್ಲದು. ಅದನ್ನು ಬಿಗಿಯಾಗಿ ಮಡಚಿ ಕೂಸಿನ ಕೆಳಗೆ, ಚಾಪೆಯ ಮೇಲೆ ಹಾಸುವುದೆಂದು ರಾಜಿಯಾಯಿತು. ಸೀರೆಯ ಜೋಲಿ ಬೇಡವೆಂದೆವು, ಅದರಲ್ಲಿ ಕೂಸು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ಒತ್ತುತ್ತದೆ. ಬಾಣಂತಿಯ ಕೋಣೆಗೆ ಲೋಬಾನದ ಹೊಗೆ, ಕೆಂಡದ ಅಗ್ಗಿಷ್ಟಿಕೆ ಬೇಡವೆಂದದ್ದಕ್ಕೆ ಮಾತ್ರ ಒಂದು ವಾರ ಮುನಿಸಿತ್ತು.

ಆಶಾ ಕಾರ್ಯಕರ್ತೆ ಮರುದಿನವೇ ಬಂದರು. ಕೂಸು ಮಲಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿದರು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ನಡೆಯದು, ಉಸಿರು ಬಿಟ್ಟು ಬಿಟ್ಟು ಬರುವುದರಿಂದ ಲೆಕ್ಕ ತಪ್ಪುತ್ತದೆ. 48 ಬಂತು. 60 ಅಥವಾ ಅದಕ್ಕಿಂತ ಹೆಚ್ಚಾದರೆ ಮತ್ತೊಮ್ಮೆ ಎಣಿಸಬೇಕು, ಆಗಲೂ ಅಷ್ಟೇ ಬಂದರೆ ತಡ ಮಾಡದೆ ಆಸ್ಪತ್ರೆಗೆ. ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ತುಟಿ ನೀಲಿಯಾಗುವುದು, ಹಾಲು ಬಿಡುವುದು, ಮೈ ತಣ್ಣಗಾಗುವುದು, ಇವಕ್ಕೂ ಅದೇ ಮಾತು.

ಡಿಸ್ಚಾರ್ಜ್ ಕಾರ್ಡನ್ನು ಮಾತ್ರ ಎಸೆಯಬೇಡಿ ಎಂದು ಡಾಕ್ಟರು ತಾಕೀತು ಮಾಡಿ ಕಳಿಸಿದ್ದರು. ಇಂಥ ಕೂಸುಗಳಲ್ಲಿ ಹರ್ನಿಯಾ ಸಾಮಾನ್ಯ. ಮುಂದಿನ ಕೆಲವು ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಬೇಕಾದರೆ, ಅರಿವಳಿಕೆಯ ನಂತರ ನಿಂತುಹೋಗಿದ್ದ ಉಸಿರು ತಡೆ ಮತ್ತೆ ತಲೆಯೆತ್ತಬಹುದು, ಒಂದು ರಾತ್ರಿಯಾದರೂ ಮಾನಿಟರಿನ ಕೆಳಗೆ ಇಡಬೇಕಾಗುತ್ತದೆ. ಅರಿವಳಿಕೆ ಕೊಡುವ ವೈದ್ಯರಿಗೆ ಎಷ್ಟು ವಾರಕ್ಕೆ ಹುಟ್ಟಿತು, ಕೊನೆಯ ಘಟನೆ ಎಂದು, ಕೆಫೀನ್ ನಿಲ್ಲಿಸಿದ್ದು ಯಾವಾಗ ಎಂಬುದು ಬೇಕೇಬೇಕು. ತಂಗಿ ಆ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪಡಿತರ ಚೀಟಿಯ ಜೊತೆ ಟ್ರಂಕಿನ ತಳದಲ್ಲಿಟ್ಟಿದ್ದಾಳೆ.